ಲಾಹೌಲ್‌ನ ಅಕ್ಟೋಬರ್: ಹಳದಿ ಎಲೆಗಳ ಫೋಟೋ ನಾನು ತೆಗೆದ ಬಗೆ

2022ರ ಅಕ್ಟೋಬರ್‌ನಲ್ಲಿ ಹಿಮಾಚಲದ ಲಾಹೌಲ್‌ಗೆ ಹೋಗಿ ಬಂದು ಪುಣೆಯ ಮನೇಲಿ ಲ್ಯಾಪ್‌ಟಾಪ್ ಮೇಲೆ ಫೋಟೋ ಓಪನ್ ಮಾಡಿದ ದಿನ ನಂಗೆ ತುಂಬಾ ಬೇಜಾರಾಗಿತ್ತು, ಯಾಕಂದ್ರೆ ಕಣ್ಣಾರೆ ನೋಡಿದ್ದ ಆ ಪಾಪ್ಲರ್ ಮರಗಳೆಲ್ಲ ಅರಿಶಿನ ಮೆತ್ತಿದ ಹಾಗೆ ಬರೀ ಹಳದಿ ಮುದ್ದೆ ಆಗಿದ್ವು, ಒಂದೆಲೆಗೂ ಇನ್ನೊಂದೆಲೆಗೂ ಗೆರೆನೇ ಇಲ್ಲ. ಆಕಾಶ ಚೆನ್ನಾಗಿತ್ತು, ಹಿಮ ಚೆನ್ನಾಗಿತ್ತು, ಯಾವ ಎಲೆಗಳಿಗೋಸ್ಕರ ಅಷ್ಟು ದೂರ ಹೋಗಿದ್ನೋ ಅವು ಮಾತ್ರ ಸುಟ್ಟು ಹೋಗಿದ್ವು. 2024ರಲ್ಲಿ ಮತ್ತೆ ಹೋದೆ. ನಡುವಿನ ಎರಡು ವರ್ಷ ನಾನು ಏನು ಮಾಡ್ದೆ, ಎರಡನೇ ಸಲ ಅಲ್ಲಿ ಏನಾಯ್ತು ಅಂತ ಬರೀತಿದೀನಿ, ಪುಣೆ ಮುಂಬೈ ಕಡೆಯಿಂದ ಹೋಗೋ ನಮ್ಮವರಿಗೆ ಉಪಯೋಗಕ್ಕೆ ಬರ್ಲಿ ಅಂತ.

ತಪ್ಪು ಎಲ್ಲಾಗಿತ್ತು ಅಂತ ಗೊತ್ತಾಗೋಕೇ ತುಂಬಾ ದಿನ ಬೇಕಾಯ್ತು. ಕ್ಯಾಮೆರಾ ಸ್ಕ್ರೀನ್ ಮೇಲೆ ನಾನು ನೋಡ್ತಿದ್ದಿದ್ದು ಬಿಳಿ ಹಿಸ್ಟೋಗ್ರಾಮ್ ಅನ್ನೋ ಬೆಳಕಿನ ಗ್ರಾಫ್, ಅದು ಮೂರೂ ಬಣ್ಣ ಸೇರಿಸಿ ಒಟ್ಟು ಬೆಳಕು ಎಷ್ಟು ಅಂತ ತೋರಿಸುತ್ತೆ. ಆದ್ರೆ ಹಳದಿ ಅಂದ್ರೆ ಕ್ಯಾಮೆರಾ ಲೆಕ್ಕದಲ್ಲಿ ಕೆಂಪು ಮತ್ತೆ ಹಸಿರು ಸೇರಿದ್ದು, ನೀಲಿ ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ. ಹಾಗಾಗಿ ಒಟ್ಟು ಗ್ರಾಫ್ ನಡುವಲ್ಲಿ ಆರಾಮಾಗಿ ಕೂತಿದ್ರೂ ಕೆಂಪು ಚಾನೆಲ್ ಒಂದೇ ಬಲಗಡೆ ಅಂಚಿಗೆ, ಅಂದ್ರೆ ಬೆಳಕು ಮಿತಿ ಮೀರೋ ಕಡೆಗೆ, ಹೋಗಿ ಬಡಿದಿರುತ್ತೆ, ಅಲ್ಲಿಗೆ ಎಲೆಯ ನರ, ಮಡಿಕೆ, ನೆರಳು ಎಲ್ಲ ಹೋಯ್ತು, ಆಮೇಲೆ ಎಡಿಟಿಂಗ್‌ನಲ್ಲಿ ಎಷ್ಟು ಎಳೆದ್ರೂ ವಾಪಸ್ ಬರಲ್ಲ. ಮೆನುಗೆ ಹೋಗಿ ಕೆಂಪು, ಹಸಿರು, ನೀಲಿನ ಬೇರೆ ಬೇರೆ ತೋರಿಸೋ ಆರ್‌ಜಿಬಿ ಹಿಸ್ಟೋಗ್ರಾಮ್ ಆನ್ ಮಾಡ್ಕೊಳ್ಳಿ, ಇದಕ್ಕೆ ದುಡ್ಡು ಖರ್ಚಿಲ್ಲ. ನಾನು ಈಗ ಹಳದಿ ಮರದ ಮುಂದೆ ನಿಂತ್ರೆ ಎಕ್ಸ್‌ಪೋಷರ್ ಮೈನಸ್ 0.7ಕ್ಕೆ, ಅಂದ್ರೆ ಕ್ಯಾಮೆರಾ ಹೇಳೋದಕ್ಕಿಂತ ಸ್ವಲ್ಪ ಕಮ್ಮಿ ಬೆಳಕಿಗೆ, ಇಟ್ಟೇ ಶುರು ಮಾಡ್ತೀನಿ, ಕೆಂಪು ಗೆರೆ ಇನ್ನೂ ಅಂಚಿಗೆ ತಾಗ್ತಿದ್ರೆ ಇನ್ನೊಂಚೂರು ಕೆಳಗೆ. ನೆರಳಿರೋ ಜಾಗ ಸ್ವಲ್ಪ ಕಪ್ಪಾದ್ರೂ ಪರವಾಗಿಲ್ಲ, ಕ್ಯಾಮೆರಾ ಹಿಡಿದ ಮಾಹಿತಿನೆಲ್ಲ ಹಾಗೇ ಉಳಿಸೋ ರಾ ಫೈಲ್‌ನಲ್ಲಿ ನೆರಳನ್ನ ಎತ್ತಬಹುದು.

ಪ್ರಾಕ್ಟೀಸ್‌ಗೆ ಹಿಮಾಲಯವೇ ಬೇಕು ಅಂತೇನಿಲ್ಲ. ನಂಗೆ ಪುಣೆ ಹತ್ರದ ಸಿಂಹಗಡ ಕೋಟೆ ಸಾಕಾಯ್ತು. ಮಳೆಗಾಲದ ಹುಲ್ಲು ದೀಪಾವಳಿ ಹೊತ್ತಿಗೆ ಒಣಗಿ ಬಂಗಾರದ ಬಣ್ಣಕ್ಕೆ ತಿರುಗಿರುತ್ತೆ, ಕಲ್ಯಾಣ ದರವಾಜದ ಹತ್ರ ನಿಂತ್ರೆ ಆ ಹುಲ್ಲಿನಾಚೆ ರಾಜಗಡ, ತೋರಣಾ ಕೋಟೆ ಬೆಟ್ಟಗಳು ಕಾಣ್ತವೆ, ಹಳದಿ ಮುಂದೆ ನೀಲಿ ಹಿಂದೆ, ಲಾಹೌಲ್‌ನಲ್ಲಿ ಎದುರಾಗೋ ಲೆಕ್ಕವೇ ಇಲ್ಲೂ ಇರೋದು. ಎರಡು ಸೀಸನ್, ಸಿಕ್ಕ ಸಿಕ್ಕ ಭಾನುವಾರ ಕತ್ತಲಲ್ಲೇ ಹತ್ತಿ, ಜನ ಪಿಠ್ಲ ಭಾಕ್ರಿ ತಿನ್ನೋಕೆ ಬರೋ ಹೊತ್ತಿಗೆ ಇಳಿದು ಬಿಡ್ತಿದ್ದೆ. ಗಾಳಿಗೆ ಹುಲ್ಲು ಅಲ್ಲಾಡ್ತಿದ್ರೆ ಶಟರ್ 1/250ಕ್ಕಿಂತ ಕೆಳಗೆ ಇಳಿಸಬಾರದು ಅನ್ನೋದು, ಬಣ್ಣದ ಛಾಯೆನ ಕ್ಯಾಮೆರಾನೇ ಸರಿಹೊಂದಿಸೋ ಆಟೋ ವೈಟ್ ಬ್ಯಾಲೆನ್ಸ್ ಬೆಳಗಿನ ಬಂಗಾರವನ್ನೆಲ್ಲ ಸರಿ ಮಾಡೋಕೆ ಹೋಗಿ ಸಪ್ಪೆ ಮಾಡುತ್ತೆ ಅನ್ನೋದು, ಅದಕ್ಕೆ 5500 ಕೆಲ್ವಿನ್‌ಗೆ ಲಾಕ್ ಮಾಡೋದು, ಎಲ್ಲ ಕಲಿತಿದ್ದು ಅಲ್ಲೇ.

ಎರಡನೇ ಸಲ ಬೆಳಗಾವಿಯಿಂದ ಚಿಕ್ಕಪ್ಪನ ಮಗನೂ ಬಂದ. ಗೋವಾ ಎಕ್ಸ್‌ಪ್ರೆಸ್‌ನಲ್ಲಿ ಅವನು ಬೆಳಗಾವಿಲಿ ಹತ್ತಿದ್ದ, ನಾನು ಪುಣೆಲಿ, ಚಿಕ್ಕಮ್ಮ ಕಟ್ಟಿಕೊಟ್ಟ ಖಡಕ್ ರೊಟ್ಟಿ ಶೇಂಗಾ ಚಟ್ನಿ ಲಾಹೌಲ್ ತನಕ ಬಂತು. ದಿಲ್ಲಿಯಿಂದ ರಾತ್ರಿ ಬಸ್ಸು, ಮನಾಲಿ, ಅಲ್ಲಿಂದ ಅಟಲ್ ಟನಲ್. 2020ರ ಅಕ್ಟೋಬರ್ 3ಕ್ಕೆ ಶುರುವಾದ ಈ 9.02 ಕಿಲೋಮೀಟರ್ ಟನಲ್‌ನಿಂದಾಗಿ ರೋಹತಾಂಗ್ ಪಾಸ್ ಹತ್ತೋ ಕಷ್ಟ ತಪ್ಪಿದೆ. ಈಚೆ ಕಡೆ ದೇವದಾರುಗಳ ಹಸಿರು, ಆಚೆ ಹೊರಬಂದ ತಕ್ಷಣ ಬೋಳು ಬಂಡೆ, ಚಂದ್ರಾ ನದಿ, ದಡದಲ್ಲಿ ಹಳದಿ ಪಾಪ್ಲರ್ ಮತ್ತೆ ವಿಲ್ಲೋ ಮರಗಳ ಸಾಲು. ಮಳೆ ಮೋಡಗಳನ್ನ ಪೀರ್ ಪಂಜಾಲ್ ಸಾಲು ತಡೆಯೋದ್ರಿಂದ ಅಲ್ಲಿ ಗಾಳಿ ಒಣಗಿರುತ್ತೆ, ದೂರದ ಬಂಡೆಯ ಬಿರುಕೂ ಸ್ಪಷ್ಟ. ಸಿಸ್ಸು ಹಳ್ಳೀಲಿ ನಾಲ್ಕು ರಾತ್ರಿ ಇದ್ವಿ, ಎತ್ತರ ಸುಮಾರು 3100 ಮೀಟರ್, ಮೊದಲ ದಿನ ಏನೂ ಮಾಡದೆ ಸುಮ್ನೆ ನಿಧಾನಕ್ಕೆ ಓಡಾಡಿದ್ವಿ, ನೀವೂ ಹಾಗೇ ಮಾಡಿ.

ಎರಡನೇ ದಿನ ಬೆಳಿಗ್ಗೆ ನಾನು ಟ್ರೈಪಾಡ್ ಹಾಕಿದ್ದು ಗೇಪಾಂಗ್ ಶಿಖರದ ಕಡೆಗೆ. ಲಾಹೌಲ್ ಜನ ಅದನ್ನ ತಮ್ಮ ದೇವರ ಬೆಟ್ಟ ಅಂತಾರೆ. ತುದಿಗೆ ಬಿಸಿಲು ಬಿತ್ತು, ತೆಗೆದೆ, ಚೆನ್ನಾಗಿತ್ತು. ಆದ್ರೆ ಕಣಿವೆ ತಳಕ್ಕೆ ಬಿಸಿಲು ಇಳಿಯೋಕೆ ಇನ್ನೂ ತುಂಬಾ ಹೊತ್ತಿತ್ತು, ಅಷ್ಟು ಎತ್ತರದ ಗುಡ್ಡಗಳ ನಡುವೆ ಸೂರ್ಯೋದಯದ ಟೈಮ್ ನೋಡ್ಕೊಂಡು ಏನೂ ಪ್ರಯೋಜನ ಇಲ್ಲ. ನಾನು ಟ್ರೈಪಾಡ್ ಮಡಚೋಕೆ ಹೊರಟಾಗ ತಮ್ಮ ತಡೆದ.

"ಅಣ್ಣಾ, ಬಿಸಲು ಬರೂದ್ರಾಗ ಆ ಗಿಡಗಳ ಆಚಿ ಕಡೆ ಹೋಗಿ ನಿಂದ್ರೂಣು ನಡಿ. ನಿನ್ನೆ ಅಲ್ಲಿಂದ ನೋಡಿದ್ರ ಎಲಿ ಒಳಗ ದೀಪಾ ಹಚ್ಚಿದಂಗ ಕಾಣತಿದ್ವು. ನಮ್ಮ ಕಬ್ಬಿನ ಗದ್ದ್ಯಾಗ ಸಂಜಿ ಮುಂದ ಕಾಣತಾವಲ್ಲ, ಹಂಗ."

ಸಿಂಹಗಡದ ಹುಲ್ಲಲ್ಲಿ ನಾನು ಎಷ್ಟೋ ಸಲ ನೋಡಿದ್ದ ವಿಷಯವೇ ಇದು, ಶಿಖರ ನೋಡಿದ ಸಂಭ್ರಮದಲ್ಲಿ ಮರ್ತೇ ಹೋಗಿತ್ತು. ಹೋಗಿ ನಿಂತ್ವಿ. ಗುಡ್ಡದ ಅಂಚಿಂದ ಬಿಸಿಲು ಇಳಿದು ಬಂದು ಮರಗಳ ಬೆನ್ನಿಗೆ ಬಿದ್ದಾಗ ಹಿಂದಿನ ಬಂಡೆ ಇನ್ನೂ ನೀಲಿ ನೆರಳಲ್ಲಿತ್ತು, ಆ ಕಪ್ಪುನೀಲಿ ಗೋಡೆ ಮುಂದೆ ಒಂದೊಂದು ಪಾಪ್ಲರ್ ಎಲೆನೂ ಬೇರೆ ಬೇರೆಯಾಗಿ ಹೊಳೀತು. ಎಫ್/8, ಐಎಸ್‌ಒ 200, 55-250 ಲೆನ್ಸ್ 180ರ ಹತ್ರ, ಲೆನ್ಸ್ ಗಾಜಿಗೆ ನೇರ ಬಿಸಿಲು ಬೀಳದ ಹಾಗೆ ತಮ್ಮ ತನ್ನ ಟೋಪಿ ಅಡ್ಡ ಹಿಡಿದಿದ್ದ. ಅಂಥ ಬೆಳಕು ಇದ್ದಿದ್ದು ಹತ್ತು ನಿಮಿಷ ಇರಬಹುದು, ಆಮೇಲೆ ಬಂಡೆಗೂ ಬಿಸಿಲು ಬಂತು, ಮರಗಳು ಮತ್ತೆ ಚಪ್ಪಟೆಯಾದ್ವು. ಮೊದಲ ಟ್ರಿಪ್‌ನಲ್ಲಿ ಬೆನ್ನಿಗೆ ಸೂರ್ಯ ಇಟ್ಕೊಂಡು ಮಧ್ಯಾಹ್ನ ಹನ್ನೆರಡಕ್ಕೆ ತೆಗೆದಿದ್ದ ನೂರಾರು ಫೋಟೋಗಳಿಗಿಂತ ಈ ಹತ್ತು ನಿಮಿಷದ್ದೇ ನಂಗೆ ಹೆಚ್ಚು.

ಬಿಸಿಲೇ ಬೇಕು ಅಂತಲೂ ಇಲ್ಲ. ಮೂರನೇ ದಿನ ಪೂರ್ತಿ ಮೋಡ, ಬಂದಿದ್ದ ಎಷ್ಟೋ ಜನ ರೂಮಲ್ಲೇ ಕೂತಿದ್ರು, ನಂಗೆ ಎಲೆಗಳನ್ನ ಹತ್ತಿರದಿಂದ ತೆಗೆಯೋಕೆ ಅದೇ ಒಳ್ಳೇ ದಿನ ಆಯ್ತು. ಅಲ್ಲಿ ಹೊಲಕ್ಕೆ ನೀರು ಹರಿಸೋ ಸಣ್ಣ ಕಾಲುವೆಗೆ ಕೂಲ್ ಅಂತಾರೆ, ಅದರಂಚಲ್ಲಿ ಗಾಜಿನಷ್ಟು ತೆಳ್ಳಗಿನ ಮಂಜುಗಡ್ಡೆ, ಒಳಗೆ ಒಂದು ಪಾಪ್ಲರ್ ಎಲೆ ಸಿಕ್ಕಿಕೊಂಡಿತ್ತು. ಅಂಚು ಕಂದು, ಮೈ ಹಳದಿ, ನರಗಳ ಪಕ್ಕದಲ್ಲಿ ಮಾತ್ರ ದಾರದಷ್ಟು ಹಸಿರು ಉಳಿದಿತ್ತು. ಹಗಲು ಚಿಕ್ಕದಾಗಿ ಚಳಿ ಶುರುವಾದಾಗ ಹಸಿರು ಕರಗುತ್ತೆ, ಅಲ್ಲಿತನಕ ಅದರಡಿ ಮುಚ್ಚಿಹೋಗಿದ್ದ ಹಳದಿ ಹೊರಗೆ ಕಾಣುತ್ತೆ ಅಂತ ಓದಿದ್ದೆ, ಆ ಎಲೇಲಿ ಅರ್ಧ ಆಗಿ ನಿಂತಿದ್ದನ್ನ ಮೊಣಕಾಲೂರಿ ತುಂಬಾ ಹೊತ್ತು ನೋಡ್ದೆ. ಮಂಜುಗಡ್ಡೆ ಮೇಲಿನ ಬಿಳಿ ಹೊಳಪು ಕಳೆಯೋಕೆ ಪೋಲರೈಸರ್ ಅನ್ನೋ ಲೆನ್ಸ್ ಫಿಲ್ಟರ್ ಬೇಕೇ ಬೇಕು, ಒದ್ದೆ ಎಲೆಗೂ ಅಷ್ಟೇ. ಆದ್ರೆ ಅದನ್ನೇ ಆಕಾಶಕ್ಕೆ ಪೂರ್ತಿ ತಿರುಗಿಸಬೇಡಿ, ಆ ಎತ್ತರದಲ್ಲಿ ಆಕಾಶ ಮೊದಲೇ ಕಡುನೀಲಿ, ವೈಡ್ ಲೆನ್ಸ್‌ನಲ್ಲಿ ಒಂದು ಕಡೆ ಕಪ್ಪು ಮಚ್ಚೆ ಥರ ಬರುತ್ತೆ. (ಚಿನಾರ್‌ನ ಕೆಂಪು ಬೇಕು ಅಂದ್ರೆ ಕಾಶ್ಮೀರಕ್ಕೇ ಹೋಗ್ಬೇಕು. ನಮ್ಮ ಸಹ್ಯಾದ್ರೀಲೂ ಕೆಂಪಿದೆ, ಆದ್ರೆ ಅದು ಮಾರ್ಚ್ ಹೊತ್ತಿಗೆ ಕುಸುಂ ಮರದ ಚಿಗುರಲ್ಲಿ, ಉದುರೋ ಎಲೇಲಲ್ಲ.)

ಚಳಿ ವಿಷಯ ಬೇಗ ಹೇಳ್ಬಿಡ್ತೀನಿ. ಅರ್ಧಕ್ಕಿಂತ ಜಾಸ್ತಿ ಚಾರ್ಜ್ ಇದ್ದ ಬ್ಯಾಟರಿ ಬೆಳಿಗ್ಗೆ ಏಕ್‌ದಮ್ ಸತ್ತು ಹೋಯ್ತು, ಒಳಜೇಬಲ್ಲಿ ಸ್ವಲ್ಪ ಹೊತ್ತು ಬೆಚ್ಚಗಿಟ್ಟ ಮೇಲೆ ಮತ್ತೆ ಓಡ್ತು. ಎರಡು ಸ್ಪೇರ್ ಇರ್ಲಿ, ಮೈಗೆ ತಾಗೋ ಹಾಗೆ ಇಟ್ಕೊಳ್ಳಿ. ಹೊರಗಿಂದ ಬಂದು ನೇರ ಢಾಬಾದ ಒಲೆ ಪಕ್ಕ ಕ್ಯಾಮೆರಾ ತೆಗೆದ್ರೆ ಲೆನ್ಸ್ ಮೇಲೆಲ್ಲ ನೀರು ಕಟ್ಟುತ್ತೆ, ಹೊರಗಿರುವಾಗಲೇ ಜಿಪ್ ಇರೋ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಒಳಗೆ ತನ್ನಿ, ಒಂದು ತಾಸು ತೆರೀಬೇಡಿ.

ಮರಗಳ ಬೆನ್ನಿಗೆ ಬಿಸಿಲು ಬಿದ್ದಿದ್ದ ಆ ಫೋಟೋನ 12x18 ಇಂಚಿನ ಮ್ಯಾಟ್ ಪೇಪರ್ ಮೇಲೆ ಪ್ರಿಂಟ್ ಹಾಕಿಸಿ ಬೆಳಗಾವಿ ಮನೆಗೆ ಕಳಿಸಿದೆ. ಚಿಕ್ಕಮ್ಮ ಫೋನ್ ಮಾಡಿ, "ಇದು ನಮ್ಮ ಹೊಲದ ಬದುವಿನಾಗ ತಗದದ್ದೇನೋ?" ಅಂದ್ರು. ಆ ನೀಲಿ ಗೋಡೆ ಬಂಡೆ ಅಂತ ಅವರಿಗೆ ಗೊತ್ತಾಗಿರಲಿಲ್ಲ, ಎಲೆಗಳನ್ನಷ್ಟೇ ನೋಡಿದ್ರು.