ಆರು ಮನೆಗೆ ಒಂದೇ ಕಟ್ಟೆ

ಬ್ಲೇಡ್ ಹಿಡಿದು ಗೋಡೆ ಕೆರೆಯುತ್ತಾ ಕೂತಿದ್ದೆ. ಮೇಲೆ ಗುಲಾಬಿ ಡಿಸ್ಟೆಂಪರ್. ಅದರ ಕೆಳಗೆ ಹಸಿರು. ಅದರ ಕೆಳಗೆ ಆಕಾಶ ನೀಲಿ. ಆಮೇಲೆ ಬರೀ ಸುಣ್ಣ. ವರ್ಷಕ್ಕೊಂದು ಪದರ, ಹಬ್ಬಕ್ಕೆ ಬಳಿದದ್ದು. ಹತ್ತೊಂಬತ್ತರ ತನಕ ಎಣಿಸಿ ಬಿಟ್ಟೆ. ಎಲ್ಲಕ್ಕಿಂತ ಅಡಿಯಲ್ಲಿ ತೆಳು ಹಳದಿ ಸಿಕ್ಕಿತು.

"ಆಂಟಿ, ನಮ್ಮನಿ ಗ್ವಾಡಿ ಯಾಕ ಕೆರಿಯಾಕತ್ತೀರಿ?" ಅಂತ ಪಕ್ಕದಲ್ಲಿ ನಿಂತಿದ್ದ ಹುಡುಗ ಕೇಳಿದ. ಉತ್ತರ ಹೇಳುವಷ್ಟರಲ್ಲಿ ಒಳಗಿನಿಂದ ಅವನ ಅಜ್ಜಿ ಬಂದರು. ಅವರ ಜೊತೆ ಮುಂದಿನ ಎಂಟು ತಿಂಗಳು ಜಗಳ ಆಡಬೇಕು ಅಂತ ನನಗೆ ಆಗ ಗೊತ್ತಿರಲಿಲ್ಲ.

ನಾನು ಕೊಪ್ಪಳದಲ್ಲಿ ಆರ್ಕಿಟೆಕ್ಟ್. ಹೊಟ್ಟೆಪಾಡಿನ ಕೆಲಸ ಅಂದರೆ ಹೊಸ ಮನೆಗಳು: ವಾಸ್ತು, ಕಾರು ನಿಲ್ಲಿಸಲು ಜಾಗ, ಮುಂದೆ ಗಾಜಿನ ಎಲಿವೇಶನ್. ಇದು ಬೇರೆ ಥರದ ಕೆಲಸ. ಮುನಿರಾಬಾದ್ ಆಸುಪಾಸಿನಲ್ಲಿ ಡ್ಯಾಮಿನ ಕಾಲದ ಕ್ವಾರ್ಟರ್ಸ್. ನಾಲ್ಕು ಸಾಲು, ಸಾಲಿಗೆ ಆರು ಮನೆ. ಸಣ್ಣ ಸಂಬಳದವರಿಗೆ ಅಂತ ಕಟ್ಟಿದ್ದು. ಈಗಲೂ ಇರುವವರು ಅಂಥವರೇ, ಇಲ್ಲವೇ ಅವರ ಮಕ್ಕಳು. ರಿಪೇರಿಗೆ ಅಂತ ಸ್ವಲ್ಪ ದುಡ್ಡು ಮಂಜೂರಾಗಿತ್ತು. ಎಸ್ಟಿಮೇಟಿನಲ್ಲಿ ಮೂರೇ ಸಾಲು ಬರೆದಿತ್ತು: ಸಿಮೆಂಟ್ ಗಿಲಾವು, ತಗಡಿನ ಚಾವಣಿ, ಮುಂದೆ ಟೈಲ್ಸ್. ಅಷ್ಟು ಮಾಡಿಬಿಟ್ಟರೆ ಈ ಮನೆಗಳು ಊರಾಚೆಯ ಯಾವುದೋ ಗೋಡೌನ್ ಆಗುತ್ತಿದ್ದವು. ಅಲ್ಲಿನ ಸಂಘದವರಲ್ಲಿ ಒಬ್ಬರು ನನ್ನ ಪರಿಚಯದವರು. "ಒಮ್ಮೆ ಬಂದು ನೋಡಿ ಹೋಗ್ರಿ" ಅಂದರು. ಹೋದೆ.

ತುಂಗಭದ್ರಾ ಡ್ಯಾಮಿಗೆ 1945ರ ಫೆಬ್ರವರಿ 28ರಂದು ಅಡಿಗಲ್ಲು ಬಿತ್ತು. ಆಗ ನದಿಯ ಈ ದಂಡೆ ಹೈದರಾಬಾದ್ ಸಂಸ್ಥಾನದ್ದು, ಆ ದಂಡೆ ಮದ್ರಾಸ್ ಪ್ರಾಂತ್ಯದ್ದು. ಅಣೆಕಟ್ಟು ಒಂದೇ, ಸರ್ಕಾರ ಎರಡು. 1953ರಲ್ಲಿ ನೀರು ಬಿಟ್ಟರು. ಅದು ಬಹುಪಾಲು ಕಾಂಕ್ರೀಟಿನ ಡ್ಯಾಮ್ ಅಲ್ಲ. ಕಲ್ಲು, ಸುಣ್ಣ, ಸುರ್ಕಿಯ ಡ್ಯಾಮ್. ಸುರ್ಕಿ ಅಂದರೆ ಇಟ್ಟಂಗಿ ಪುಡಿ. ಈ ಕ್ವಾರ್ಟರ್ಸಿನ ಒಂದು ಮೂಲೆಯಲ್ಲಿ ಗಿಲಾವು ಉದುರಿತ್ತು. ಕೈಯಲ್ಲಿ ಉಜ್ಜಿದೆ. ಬೆರಳಿಗೆ ಅದೇ ಕೆಂಪು ಪುಡಿ ಅಂಟಿತು.

2024ರ ಆಗಸ್ಟಿನಲ್ಲಿ 19ನೇ ಗೇಟಿನ ಚೈನ್ ಕಡಿದು ಗೇಟೇ ಕೊಚ್ಚಿಕೊಂಡು ಹೋದಾಗ ಟೀವಿಯವರೆಲ್ಲ ಇಲ್ಲಿಗೇ ಬಂದಿದ್ದರು. ಡ್ಯಾಮಿನ 33 ಗೇಟುಗಳ ಬಗ್ಗೆ ಎಲ್ಲರೂ ಮಾತಾಡಿದರು. ಅದನ್ನು ಕಟ್ಟಿದವರು ಎಲ್ಲಿ ಮಲಗುತ್ತಿದ್ದರು ಅಂತ ಯಾರೂ ಕೇಳಲಿಲ್ಲ. ಕೇಳಬೇಕಿತ್ತು ಅಂತಲೂ ಅಲ್ಲ ಬಿಡಿ. ಹಂಪಿ ನದಿಯಾಚೆಗೇ ಇರುವಾಗ ಎಪ್ಪತ್ತು ವರ್ಷದ ಕ್ವಾರ್ಟರ್ಸ್ ಯಾರ ಕಣ್ಣಿಗೆ ಬೀಳಬೇಕು? ಕಾನೂನಿಗೂ ಬೀಳುವುದಿಲ್ಲ. 1958ರ ಕೇಂದ್ರ ಸ್ಮಾರಕ ಕಾಯ್ದೆಗೆ ನೂರು ವರ್ಷ ತುಂಬಿರಬೇಕು. ಹಾಗಾಗಿ ಉಳಿಸಿಕೊಳ್ಳುವುದು, ಬಿಡುವುದು ಎಲ್ಲಾ ಅಲ್ಲಿರುವವರ ಮನಸ್ಸಿಗೆ ಬಿಟ್ಟದ್ದು.

ಮೊದಲ ಹದಿನೈದು ದಿನ ಬರೀ ಅಳತೆ ಮತ್ತು ಚಹಾ. ಒಂದೊಂದು ಮನೆಯನ್ನೂ ಅಳೆದೆ. ಒಳಗೆ ಒಂದು ಮನೆಯಂತೆ ಇನ್ನೊಂದಿಲ್ಲ. ಒಬ್ಬರು ಅಡುಗೆಮನೆಯನ್ನು ಹಿಂದಕ್ಕೆ ತಳ್ಳಿದ್ದಾರೆ. ಇನ್ನೊಬ್ಬರು ಪಡಸಾಲೆಯ ನಡುವೆ ಪ್ಲೈವುಡ್ ಗೋಡೆ ಹಾಕಿ ಮಗನ ಸಂಸಾರಕ್ಕೆ ಕೋಣೆ ಮಾಡಿಕೊಟ್ಟಿದ್ದಾರೆ. ಇದನ್ನೆಲ್ಲ "ಮೂಲ ರೂಪಕ್ಕೆ ತನ್ನಿ" ಅಂತ ಹೇಳುವ ಬಾಯಿ ನನಗಿಲ್ಲ. ಹೇಳಿದ್ದರೆ ಬಾಗಿಲಲ್ಲೇ ನಿಲ್ಲಿಸುತ್ತಿದ್ದರು.

ಹಾಗಾದರೆ ಉಳಿಸಬೇಕಾದದ್ದು ಏನು? ರಸ್ತೆಯ ಆಚೆ ಬದಿ ಬೇವಿನ ಮರದ ಕೆಳಗೆ ನಿಂತು ನೋಡಿದಾಗ ಗೊತ್ತಾಯಿತು. ಹೆಂಚಿನ ಚಾವಣಿ ಆರು ಮನೆಯ ಮೇಲೂ ಒಂದೇ ಗೆರೆಯಲ್ಲಿ ಹೋಗುತ್ತದೆ. ಕೆಳಗೆ ಕಲ್ಲಿನ ಕಟ್ಟೆಯೂ ಹಾಗೇ, ಮೊದಲ ಮನೆಯಿಂದ ಆರನೆಯದರ ತನಕ ಎಲ್ಲೂ ಕಡಿಯದೆ. ಬಾಗಿಲ ಮೇಲೆ ಇಟ್ಟಂಗಿಯ ಜಾಲಂಧ್ರ. ಒಂದು ಸಾಲಿಗೆ ಮುಕ್ಕೋನ, ಇನ್ನೊಂದಕ್ಕೆ ಮಣ್ಣಿನ ಕೊಳವೆ ತುಂಡು ಇಟ್ಟ ದುಂಡು ಕಿಂಡಿ. ಇಷ್ಟೇ. ಯಾವ ಒಂದು ಮನೆಯಲ್ಲೂ ಹೇಳಿಕೊಳ್ಳುವಂಥ ಚೆಂದ ಇಲ್ಲ. ಚೆಂದ ಇರುವುದು ಸಾಲಿನಲ್ಲಿ. ಸಂಘದ ಮೀಟಿಂಗಿನಲ್ಲಿ ಹೇಳಿದೆ: ಹಿತ್ತಲು ನಿಮ್ಮದು, ಏನಾದರೂ ಮಾಡಿ. ಮುಂಬದಿ ಮಾತ್ರ ಆರು ಜನರದ್ದು, ಒಬ್ಬರೇ ಮುಟ್ಟಬೇಡಿ.

ತಲೆಯಾಡಿಸಿದರು. ಮರುದಿನ ಬೆಳಿಗ್ಗೆ ಒಬ್ಬರು ಕಟ್ಟೆಯ ಮೇಲೆ ಗ್ರಿಲ್ ಹಾಕಿಸುತ್ತಿದ್ದರು!

ಎಲ್ಲಕ್ಕಿಂತ ದೊಡ್ಡ ತಂಟೆ ತಗಡಿನದ್ದು. ಒಂಬತ್ತು ಮನೆಯವರು ಕಟ್ಟೆಯ ಮುಂದೆ ತಗಡಿನ ಶೆಡ್ ಇಳಿಸಿದ್ದರು. ಸಾಲೇ ಕಾಣುತ್ತಿರಲಿಲ್ಲ. ಆ ಅಜ್ಜಿಯ ಮನೆಯದ್ದು ಎಲ್ಲಕ್ಕಿಂತ ದೊಡ್ಡದು. ತೆಗೆಯಿರಿ ಅಂದೆ.

"ತೆಗಿತೀನಿ ಬಿಡವಾ. ನನ್ನ ಮಗನ ಗಾಡಿ ನಿನ್ನ ಮನ್ಯಾಗ ನಿಲ್ಲಸ್ತೀಯೇನು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ತಪ್ಪು ನನ್ನದೇ. ತಗಡು ಯಾಕೆ ಬಂತು ಅಂತ ಕೇಳದೆ ತೆಗೆಯಿರಿ ಅಂದಿದ್ದೆ. ಆಮೇಲೆ ಮನೆಮನೆಗೆ ಹೋಗಿ ಅದೊಂದನ್ನೇ ಕೇಳಿದೆ. ಐದು ಮನೆಯಲ್ಲಿ ಗಾಡಿಗಾಗಿ. ಎರಡು ಮನೆಯಲ್ಲಿ ಸಂಜೆ ಬಿಸಿಲು ನೇರ ಒಳಗೆ ಹೊಡೆಯುತ್ತದೆ ಅಂತ. ಒಂದರಲ್ಲಿ ಹೊಲಿಗೆ ಮಷಿನ್ ಇಡಲು. ಇನ್ನೊಂದರಲ್ಲಿ, "ಬಾಜೂದವ್ರು ಹಾಕಿದ್ರು, ನಾವೂ ಹಾಕಿದ್ವಿ." ಕಾರಣ ಗೊತ್ತಾದ ಮೇಲೆ ಕೆಲಸ ಸಲೀಸು. ಸಾಲಿನ ತುದಿಯಲ್ಲಿ ಹಳೆಯ ಸಾಮೂಹಿಕ ಕಕ್ಕಸಿನ ಜಾಗ ಪಾಳು ಬಿದ್ದಿತ್ತು. ಅಲ್ಲಿ ಎಲ್ಲರ ಗಾಡಿಗೂ ಒಂದೇ ಶೆಡ್ ಮಾಡಿ ಬೀಗ ಹಾಕಿಸಿದೆವು. ಬಿಸಿಲಿಗೆ ಕಂಬಕ್ಕೆ ಕಟ್ಟುವ ಬಿದಿರಿನ ತಟ್ಟಿ, ಬೇಕಾದಾಗ ಬಿಚ್ಚಿ, ಬೇಡವಾದಾಗ ಸುತ್ತಿ ಇಡಬಹುದು. ಹೊಲಿಗೆಯವರ ತಗಡು ಹಾಗೇ ಇದೆ. ಆಕೆಯ ಗಿರಾಕಿಗಳು ಎಲ್ಲಿ ನಿಲ್ಲಬೇಕು?

ಅಜ್ಜಿ ತಮ್ಮ ತಗಡು ತೆಗೆಸಿದ್ದು ಕೊನೆಗೆ. ಅದೂ ನಾನು ಹೇಳಿದ್ದಕ್ಕಲ್ಲ. ಮೊಮ್ಮಗನ ತೊಟ್ಟಿಲು ಕಾರ್ಯಕ್ಕೆ ಪೆಂಡಾಲ್ ಹಾಕಲು ಅಡ್ಡ ಬರುತ್ತೆ ಅಂತ.

ಇನ್ನು ಗಿಲಾವು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ನಾನು ಕೈ ಸುಟ್ಟುಕೊಂಡದ್ದು ಇಲ್ಲೇ. ಹಿಂದೆ ಯಾವಾಗಲೋ ಗೋಡೆಯ ಕೆಳಭಾಗಕ್ಕೆ ಮೂರು ಅಡಿ ಎತ್ತರ ಸಿಮೆಂಟ್ ಹೊಡೆಸಿದ್ದರು, ತೇವ ನಿಲ್ಲಲಿ ಅಂತ. ತೇವ ನಿಲ್ಲಲಿಲ್ಲ, ಮೇಲೆ ಹತ್ತಿತು. ನೆಲದ ನೀರು ಕಲ್ಲುಗೋಡೆಯೊಳಗೆ ಏರುತ್ತದೆ. ಸುಣ್ಣದ ಗಿಲಾವು ಇದ್ದರೆ ಅಲ್ಲಲ್ಲೇ ಆರಿ ಹೋಗುತ್ತದೆ. ಸಿಮೆಂಟ್ ಬಾಯಿ ಮುಚ್ಚಿದರೆ ಅದು ದಾರಿ ಹುಡುಕುತ್ತಾ ಮೇಲೆ ಹೋಗುತ್ತದೆ. ಸಿಮೆಂಟ್ ಮುಗಿದ ಗೆರೆಯ ಮೇಲೆ ಬಿಳಿ ಉಪ್ಪು ಹೂ ಬಿಟ್ಟಂತೆ ಕೂತಿತ್ತು. ಮಕ್ಕಳು ಬೆರಳಲ್ಲಿ ಗೀರಿ ಹೆಸರು ಬರೆದಿದ್ದರು.

ಆದರೆ ಗಿಲಾವಿಗಿಂತ ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಬೇಕು. ಇಲ್ಲಿ ಎರಡು ಕಡೆಯಿಂದ. ಹಿಂದೆ ಬಚ್ಚಲ ನೀರಿನ ಗಟಾರ ಒಡೆದು ಪಾಯಕ್ಕೆ ಇಳಿಯುತ್ತಿತ್ತು. ಮುಂದೆ ಪ್ರತಿ ಸಲ ರಸ್ತೆ ಮಾಡಿದಾಗಲೂ ಹಳೆಯದನ್ನು ಕೀಳದೆ ಅದರ ಮೇಲೇ ಕಾಂಕ್ರೀಟ್ ಸುರಿದಿದ್ದರು. ಐದು ಮೆಟ್ಟಿಲಿದ್ದ ಕಟ್ಟೆಗೆ ಈಗ ಮೂರೇ ಮೆಟ್ಟಿಲು. ಎರಡು ಮೆಟ್ಟಿಲು ರಸ್ತೆಯಡಿ ಸಮಾಧಿ! ಮಳೆ ನೀರು ಸೀದಾ ಗೋಡೆಗೆ. ಮೊದಲ ದುಡ್ಡು ಗಟಾರಕ್ಕೇ ಹೋಯಿತು. ಕಣ್ಣಿಗೆ ಕಾಣದ ಕೆಲಸ. "ಇನ್ನೂ ಏನೂ ಶುರುನ ಮಾಡಿಲ್ಲ" ಅಂತ ಮಾತು ಬಂತು.

ಸುಣ್ಣದ ಗಿಲಾವಿಗೆ ರೇಟು ಹೊಂದಿಸುವುದೇ ಒಂದು ಕಥೆ. ಈಗ ಯಾರೂ ಆ ಐಟಂ ಹಾಕುವುದಿಲ್ಲ. ಗೌಂಡಿ ಎಷ್ಟು ದಿನ, ಸುಣ್ಣ ಎಷ್ಟು, ಸುರ್ಕಿ ಎಷ್ಟು ಅಂತ ಒಂದು ಗೋಡೆ ಮಾಡಿಸಿ, ಲೆಕ್ಕ ಬರೆದು, ತೋರಿಸಿದ ಮೇಲೆ ಒಪ್ಪಿದರು. ಒಪ್ಪಿದ ಖುಷಿಯಲ್ಲಿ ಏಪ್ರಿಲ್‌ನಲ್ಲೇ ಶುರು ಮಾಡಿಬಿಟ್ಟೆ. ನಮ್ಮ ಗೌಂಡಿ ಅಣ್ಣ ಹೇಳಿದ್ದರು: "ಮೇಡಂ ರೀ, ಬ್ಯಾಸಿಗ್ಯಾಗ ಸುಣ್ಣ ಬ್ಯಾಡ್ರಿ." ಕೇಳಲಿಲ್ಲ. ಮೂರನೆಯ ದಿನಕ್ಕೆ ಗೋಡೆ ತುಂಬಾ ಜೇಡರ ಬಲೆಯ ಥರ ಸೀಳು. ತಟ್ಟಿದರೆ ಡಬಡಬ ಸದ್ದು. ಒಂದೂವರೆ ಮನೆಯ ಗಿಲಾವು ಕೆತ್ತಿ ತೆಗೆಸಿದೆ, ನನ್ನ ಫೀಸಿನಲ್ಲಿ.

ನವೆಂಬರಿನಲ್ಲಿ ಮತ್ತೆ ಶುರು. ಸುಟ್ಟ ಸುಣ್ಣದ ಹರಳನ್ನು ಗುಂಡಿಯ ನೀರಿಗೆ ಹಾಕಿದಾಗ ಕೊತಕೊತ ಕುದಿಯುತ್ತದೆ, ಹತ್ತಿರ ಹೋಗಬಾರದು. ಕಣ್ಣಿಗೆ ಸಿಡಿದರೆ ಕಥೆ ಮುಗಿಯಿತು. ಆರಿದ ಮೇಲೆ ಜರಡಿ ಹಿಡಿದು, ಮೇಲೆ ನೀರು ನಿಲ್ಲಿಸಿ ಒಂದು ತಿಂಗಳು ಕೊಳೆ ಹಾಕಿದೆವು. ತೆಗೆದಾಗ ಬೆಣ್ಣೆಯ ಹಾಗೆ ಕರಣಿಗೆ ಹತ್ತುತ್ತದೆ. ಒಂದು ಪಾಲು ಸುಣ್ಣ, ಒಂದು ಪಾಲು ಸುರ್ಕಿ, ಎರಡು ಪಾಲು ಉಸುಕು. ಸುರ್ಕಿಗೆ ಸರಿಯಾಗಿ ಬೆಂದ ಇಟ್ಟಂಗಿಯೇ ಬೇಕು, ಅತಿ ಸುಟ್ಟು ಕಪ್ಪಾದದ್ದು ಕೆಲಸಕ್ಕೆ ಬಾರದು. ಎರಡು ಕೋಟ್, ತೆಳ್ಳಗೆ. ಮೊದಲಿಗೆ ಗೋಡೆ ಚೆನ್ನಾಗಿ ನೆನೆಸಬೇಕು. ಆಮೇಲೆ ಹತ್ತು ದಿನ ಗೋಣಿತಾಟು ಇಳಿಬಿಟ್ಟು ದಿನಕ್ಕೆ ಮೂರು ಸಲ ನೀರು. ಬೆಲ್ಲದ ನೀರು, ಅಳಲೆಕಾಯಿ ನೀರು ಹಾಕಿರಿ ಅಂತ ಸಲಹೆ ಕೊಟ್ಟವರು ಬಹಳ. ಒಂದು ಗೋಡೆಗೆ ಬೆಲ್ಲದ ನೀರು ಹಾಕಿ ನೋಡಿದೆ. ಇರುವೆ ಬಂದವು. ಬಿಟ್ಟೆ.

ನೀರು ಹಾಕುವ ಕೆಲಸಕ್ಕೆ ಆಳು ಇಡಲಿಲ್ಲ. ಆಯಾ ಮನೆಯ ಹೆಣ್ಣುಮಕ್ಕಳೇ ಬೆಳಿಗ್ಗೆ ಅಂಗಳಕ್ಕೆ ನೀರು ಹೊಡೆಯುವಾಗ ಗೋಡೆಗೂ ಎರಚಿದರು. ಹಾಗಾಗಿಯೇ ಏನೋ, ಈ ಗೋಡೆಗೆ ಈಗ ಯಾರಾದರೂ ಮೊಳೆ ಹೊಡೆಯಲು ಹೋದರೆ ಅವರೇ ಬೈಯುತ್ತಾರೆ.

ಹೆಂಚಿನ ಶತ್ರು ಮಂಗ. ಅಂಜನಾದ್ರಿಯ ಊರಿನವರಾದ ನಾವು ಮಂಗನಿಗೆ ಕೈ ಮುಗಿಯಲೂ ಬೇಕು, ಓಡಿಸಲೂ ಬೇಕು. ಹೆಂಚು ಒಡೆದು ಒಡೆದು ಬೇಸತ್ತೇ ಜನ ತಗಡಿನ ಚಾವಣಿಗೆ ಮನಸ್ಸು ಮಾಡಿದ್ದು. ಒಡೆಯದವನ್ನೆಲ್ಲ ಇಳಿಸಿ ತೊಳೆದು ರಸ್ತೆ ಕಡೆಯ ಇಳಿಜಾರಿಗೆ ಕೂಡಿಸಿದೆವು. ಹಿಂದಿನ ಇಳಿಜಾರಿಗೆ ಬೇರೆ ಕಡೆ ಕೆಡವಿದ ಮನೆಗಳ ಹೆಂಚು ತಂದೆವು. ಕೆಳಗೆ ರೀಪಿನ ಮೇಲೆ ತಂತಿ ಜಾಳಿಗೆ ಎಳೆದೆವು, ಒಡೆದರೂ ತಲೆ ಮೇಲೆ ಬೀಳಬಾರದು ಅಂತ. ನೀರಿನ ಟ್ಯಾಂಕುಗಳು ಹಿತ್ತಲಲ್ಲಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ. ಹೊಸ ಕಕ್ಕಸು, ಬಚ್ಚಲು ಹಿಂದಕ್ಕೆ, ಹೆಂಚಿನ ಅಂಚಿಗಿಂತ ಕೆಳಗೆ ನಿಲ್ಲುವಂತೆ. ಜಾಲಂಧ್ರಕ್ಕೆ ಸೊಳ್ಳೆ ಅಂತ ಸಿಮೆಂಟ್ ಮೆತ್ತಿದ್ದರು. ಅದನ್ನು ಬಿಡಿಸಿ, ಒಳಗಿನಿಂದ ಸೊಳ್ಳೆ ಜಾಳಿಗೆ ಕೂರಿಸಿದೆವು. ಬೇಸಿಗೆಯಲ್ಲಿ ಅದರಿಂದಲೇ ಬಿಸಿಗಾಳಿ ಮೇಲೆ ಹೋಗುವುದು.

ಬಣ್ಣದ ವಿಷಯದಲ್ಲಿ ನಾನು ಸೋತೆ. ಗೋಡೆಗೆ ಹಳೆಯ ತೆಳು ಹಳದಿ, ಅದಕ್ಕೆ ಎಲ್ಲರೂ ಒಪ್ಪಿದರು. ಬಾಗಿಲಿಗೂ ಎಲ್ಲರದ್ದೂ ಒಂದೇ ಬಣ್ಣ ಇರಲಿ ಅಂದೆ. "ಹಾಸ್ಟೆಲ್ ಏನ್ರಿ ಇದು?" ಅಂದರು. ರಾತ್ರಿ ಬಂದು ಬರ್ಲಿನ್ನಿನ ಫೋಟೋಗಳನ್ನು ಮತ್ತೆ ತೆಗೆದು ನೋಡಿದೆ. ಅಲ್ಲಿ ಬ್ರೂನೋ ಟೌಟ್ ಮತ್ತು ಮಾರ್ಟಿನ್ ವಾಗ್ನರ್ ಅನ್ನುವ ಆರ್ಕಿಟೆಕ್ಟ್‌ಗಳು 1925ರಿಂದ ಕಟ್ಟಿದ ಕುದುರೆಲಾಳದ ಆಕಾರದ ಬಡಾವಣೆ ಇದೆ. ಕೆಲಸಗಾರರಿಗೆ, ಸಣ್ಣ ಸಂಬಳದವರಿಗೆ ಅಂತಲೇ. ಅದೂ ಸೇರಿ ಬರ್ಲಿನ್ನಿನ ಆರು ಬಡಾವಣೆಗಳು 2008ರಲ್ಲಿ ಯುನೆಸ್ಕೋ ಪಟ್ಟಿಗೆ ಬಂದವು. ಅಲ್ಲಿ ಬಾಗಿಲುಗಳಿಗೆ ಒಂದೇ ಬಣ್ಣ ಇಲ್ಲ. ಟೌಟ್ ಬಣ್ಣಗಳ ಜೊತೆ ಆಟವನ್ನೇ ಆಡಿದ್ದಾನೆ. ನಾನು ಅವನಿಗಿಂತ ದೊಡ್ಡವಳೇ? ಬಾಗಿಲು ಅವರವರ ಇಷ್ಟಕ್ಕೆ ಬಿಟ್ಟೆ. ಈಗ ಒಂದು ಸಾಲಿನಲ್ಲಿ ಎರಡು ನೀಲಿ, ಒಂದು ಹಸಿರು, ಒಂದು ಕಂದು, ಒಂದು ಕಡು ಕೆಂಪು. ಆರನೆಯದು ಅಜ್ಜಿಯದು, ಗುಲಾಬಿ.

ಅಲ್ಲಿಂದ ಇನ್ನೊಂದು ಉಪಾಯವನ್ನೂ ಕದ್ದೆ. ಅಲ್ಲಿ ಪ್ರತಿ ಮನೆಯ ಬಾಗಿಲು, ಕಿಟಕಿ, ಬಣ್ಣ ಹೇಗಿರಬೇಕು ಅನ್ನುವ ವಿವರವನ್ನು ಮಾಲೀಕರ ಕೈಗೇ ಕೊಡುತ್ತಾರೆ. ನಾನು ಮನೆಗೊಂದು ಹಾಳೆ ಮಾಡಿದೆ. ನಿಮ್ಮ ಗೋಡೆಗೆ ಏನು ಹಾಕಿದೆ, ಏನು ಹಾಕಬಾರದು, ಹೆಂಚು ಒಡೆದರೆ ಯಾರನ್ನು ಕರೆಯಬೇಕು, ಎಲ್ಲಾ ಕನ್ನಡದಲ್ಲಿ. ಲ್ಯಾಮಿನೇಟ್ ಮಾಡಿಸಿ ಬಾಗಿಲ ಹಿಂದೆ ತೂಗು ಹಾಕಿದ್ದೇವೆ. ಒಂದು ಮನೆಯಲ್ಲಿ ಅದನ್ನು ತಿರುಗಿಸಿ ಹಿಂಬದಿಗೆ ಕ್ಯಾಲೆಂಡರ್ ಅಂಟಿಸಿದ್ದಾರೆ. ಇರಲಿ, ಬೇಕಾದಾಗ ತಿರುಗಿಸಿ ಓದುತ್ತಾರೆ.

ಎರಡು ಸಾಲು ಮುಗಿದಿದೆ. ನಾಲ್ಕನೆಯ ಸಾಲಿನ ಎರಡು ಮನೆಗೆ ಹಿಂದೆಯೇ ಯಾರೋ ಆರ್‌ಸಿಸಿ, ಅಂದರೆ ಕಾಂಕ್ರೀಟ್ ಚಾವಣಿ, ಹಾಕಿಬಿಟ್ಟಿದ್ದಾರೆ, ಅವುಗಳಿಗೆ ಏನು ಮಾಡಬೇಕೋ ನನಗೂ ತೋಚಿಲ್ಲ. ಮೂರನೆಯ ಸಾಲು ಈ ಚಳಿಗಾಲಕ್ಕೆ. ಸುಣ್ಣದ ಗುಂಡಿ ತುಂಬಿಸಿ ನೀರು ನಿಲ್ಲಿಸಿ ಬಂದಿದ್ದೇನೆ. ಮಕ್ಕಳು, ನಾಯಿ ಬೀಳದಂತೆ ಮೇಲೆ ಅಜ್ಜಿಯ ಹಳೆಯ ತಗಡು ಮುಚ್ಚಿದೆ.