ಸಕ್ಕರೆ ಅಚ್ಚು ಯಾರ್ಯಾರಿಗೆ? ನಮ್ಮನೆ ಸಂಕ್ರಾಂತಿ ಪಟ್ಟಿ

ಸಕ್ಕರೆ ಅಚ್ಚು ಅಂಗಡಿಯಲ್ಲೇ ಸಿಗುತ್ತದಲ್ಲ, ಮನೆಯಲ್ಲಿ ಯಾಕೆ ಒದ್ದಾಡುತ್ತೀರಿ ಅಂತ ಪ್ರತಿ ಸಂಕ್ರಾಂತಿಗೂ ಯಾರಾದರೊಬ್ಬರು ಕೇಳುತ್ತಾರೆ. ಮನೆಯಲ್ಲಿ ಮಾಡಿದರೆ ಕಡಿಮೆ ಆಗುತ್ತದೆ, ಅದಕ್ಕೇ ಮಾಡುತ್ತೇವೆ ಅನ್ನುತ್ತೇನೆ. ಅವರಿಗೆ ತಮಾಷೆ ಅನ್ನಿಸುತ್ತದೆ. ನಿಜವಾಗಲೂ ಅದೇ ಕಾರಣ. ಕಟ್ಟಿನಕೆರೆ ಮಾರುಕಟ್ಟೆ ಕಡೆ ಹೋಗಿ ಎರಡು ಕೆಜಿ ತಂದುಬಿಟ್ಟರೆ ಬೀದಿಗೆಲ್ಲ ಹಂಚಬಹುದು, ಯಾರಿಗೆ ಕೊಟ್ಟೆವು, ಯಾಕೆ ಕೊಟ್ಟೆವು ಅಂತ ಯೋಚನೆ ಮಾಡುವ ಅಗತ್ಯವೇ ಇಲ್ಲ. ಮರದ ಅಚ್ಚಿನಲ್ಲಿ ಹುಯ್ದರೆ ಒಂದು ಸಂಜೆಗೆ ಆಗುವುದು ಒಂದು ತಟ್ಟೆ. ಆ ಒಂದು ತಟ್ಟೆ ಯಾರ್ಯಾರಿಗೆ ಅಂತ ಮನೆಯವರೆಲ್ಲ ಕೂತು ಮಾತಾಡಲೇಬೇಕು. ನಮ್ಮನೆಯಲ್ಲಿ ಹಬ್ಬ ಶುರುವಾಗುವುದೇ ಆ ಜಗಳದಿಂದ.

ನಾವಿರುವುದು ಹಾಸನದಲ್ಲಿ, ಸಾಲಗಾಮೆ ರಸ್ತೆ ಕಡೆ. ಅಮ್ಮ, ಹೆಂಡತಿ, ಆರನೇ ಕ್ಲಾಸಿನ ಮಗಳು, ಮೂರನೇ ಕ್ಲಾಸಿನ ಮಗ, ನಾನು. ಅಚ್ಚುಗಳು ಅಮ್ಮನವು, ಅವರಿಗೆ ಅವರ ಅಮ್ಮನಿಂದ ಬಂದದ್ದು. ತುಳಸಿಕಟ್ಟೆ, ಆನೆ, ಗೋಪುರ, ಬಾಳೆಹಣ್ಣು, ಒಂದು ಗಿಳಿ. ಗಿಳಿಯ ಕೊಕ್ಕು ಸವೆದುಹೋಗಿದೆ, ಈಗ ಪಾರಿವಾಳ ಅಂದರೂ ನಡೆಯುತ್ತದೆ. ಪಾಕ ಹುಯ್ಯುವುದು ನನ್ನ ಕೆಲಸ. ಬಿಸಿ ಪಾತ್ರೆ ಎತ್ತುವುದು ಅಮ್ಮನಿಗೆ ಈಗ ಕಷ್ಟ, ಹೆಂಡತಿಗೆ ಅಷ್ಟು ತಾಳ್ಮೆ ಇಲ್ಲ. ಗಂಡಸು ಅಚ್ಚು ಹುಯ್ಯುತ್ತಾನಾ ಅಂತ ನೆಂಟರೊಬ್ಬರು ನಕ್ಕಿದ್ದುಂಟು. ನಗಲಿ ಬಿಡಿ, ತಿನ್ನುವಾಗ ಅವರೇ ಮೊದಲು.

ಎಳ್ಳು ಬೆಲ್ಲದ ಕೆಲಸ ಮೊದಲೇ ಶುರುವಾಗಬೇಕು. ಕೊಬ್ಬರಿಗೆ ನಮ್ಮ ಕಡೆ ಬರವಿಲ್ಲ, ಅರಸೀಕೆರೆ, ಚನ್ನರಾಯಪಟ್ಟಣ ಎರಡೂ ತೆಂಗಿನ ಸೀಮೆ. ಗಿಟುಕಿನ ಮೇಲಿನ ಕಂದು ಸಿಪ್ಪೆ ಹೆರೆದು ತೆಗೆದು, ಅಡಕತ್ತರಿಯಲ್ಲಿ ಸಣ್ಣ ಸಣ್ಣ ಚೂರು ಮಾಡುವುದು ಅಮ್ಮನ ಪಾಲು. ಬೆಲ್ಲಕ್ಕೂ ಅದೇ ಅಡಕತ್ತರಿ. ಚಾಕುವಿನಲ್ಲಿ ಕತ್ತರಿಸಿದರೆ ಬೆಲ್ಲ ಪುಡಿಯಾಗುತ್ತದೆ, ಅಡಕತ್ತರಿಯಲ್ಲಿ ಚೌಕ ಚೂರು ಬರುತ್ತದೆ. ಜನವರಿಯಲ್ಲಿ ನಮ್ಮೂರಲ್ಲಿ ಬೆಳಿಗ್ಗೆ ಮಂಜು ಜಾಸ್ತಿ. ಆ ಹೊತ್ತಿಗೆ ಬೆಲ್ಲ ಹೊರಗಿಟ್ಟರೆ ಬೆವರುತ್ತದೆ. ಹತ್ತು ಗಂಟೆ ಮೇಲೆ ಬಿಸಿಲು ಸರಿಯಾಗಿ ಬಂದಮೇಲೆ ತಾರಸಿಗೆ ಹಾಕಿ, ಸಂಜೆ ತಂಪಾಗುವ ಮೊದಲೇ ಒಳಗೆ ತರಬೇಕು. ಕಡಲೆಕಾಯಿ ಬೀಜ ಹುರಿದು, ಸಿಪ್ಪೆ ಉಜ್ಜಿ, ಬೇಳೆ ಮಾಡುವುದು ಮಕ್ಕಳಿಗೆ. ಸಿಪ್ಪೆ ಊದುತ್ತಾ ಊದುತ್ತಾ ಪಕ್ಕದ ಮನೆಯ ಒಣಹಾಕಿದ ಬಟ್ಟೆ ಮೇಲೆಲ್ಲ ಹಾರಿಸುತ್ತಾರೆ. ಅಳತೆ ಒಬ್ಬೊಬ್ಬರ ಮನೆಯಲ್ಲಿ ಒಂದೊಂದು. ನಮ್ಮಲ್ಲಿ ಹುರಿಗಡಲೆ, ಕಡಲೆಬೀಜ, ಕೊಬ್ಬರಿ, ಬೆಲ್ಲ ಒಂದೊಂದು ಪಾವಾದರೆ ಬಿಳಿ ಎಳ್ಳು ಅರ್ಧ ಪಾವು. ಎಳ್ಳನ್ನು ಸಣ್ಣ ಉರಿಯಲ್ಲಿ ಹುರಿದು ಪೂರ್ತಿ ಆರಿಸಿ ಆಮೇಲೆ ಬೆರೆಸಿ. ಬಿಸಿ ಇರುವಾಗಲೇ ಬೆರೆಸಿದರೆ ಬೆಲ್ಲ ಕರಗಿ ಎಲ್ಲ ಮುದ್ದೆ.

ಈಗ ಅಚ್ಚು. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ "ಪಾಕ ಹದಕ್ಕೆ ಬಂದಾಗ ಇಳಿಸಿ" ಅಂತ ಒಂದೇ ಸಾಲಲ್ಲಿ ಹೇಳುವವರೇ ಜಾಸ್ತಿ, ಆ ಹದ ಯಾವುದು ಅಂತ ಯಾರೂ ಹೇಳುವುದಿಲ್ಲ.

ಹಿಂದಿನ ರಾತ್ರಿಯೇ ಮರದ ಅಚ್ಚುಗಳನ್ನು ನೀರಲ್ಲಿ ನೆನೆಹಾಕಬೇಕು. ಒಣ ಮರಕ್ಕೆ ಪಾಕ ಅಂಟಿಕೊಳ್ಳುತ್ತದೆ. ನೀರು ಕುಡಿದ ಮರ ಬಿಟ್ಟುಕೊಡುತ್ತದೆ. ಬೆಳಿಗ್ಗೆ ತೆಗೆದು ನೀರು ಚೆನ್ನಾಗಿ ಕೊಡವಿ, ಎರಡು ಭಾಗಗಳನ್ನು ಜೋಡಿಸಿ ರಬ್ಬರ್ ಬ್ಯಾಂಡ್ ಬಿಗಿಯಾಗಿ ಸುತ್ತಿ, ತೂತು ಮೇಲೆ ಬರುವಂತೆ ತಟ್ಟೆಯಲ್ಲಿ ನಿಲ್ಲಿಸಿಡಿ. ಒಂದು ಕೆಜಿ ಸಕ್ಕರೆಗೆ ಸುಮಾರು ಅರ್ಧ ಲೀಟರ್ ನೀರು ಹಾಕಿ ಕುದಿಸಿ. ಕುದಿ ಬಂದಾಗ ಕಾಲು ಲೋಟ ಹಾಲು ಹಾಕಿ, ಜೊತೆಗೆ ಒಂದು ಚಮಚ ಮೊಸರು. ಹಾಲು ಒಡೆದು ಸಕ್ಕರೆಯ ಕೊಳೆಯನ್ನೆಲ್ಲ ಹಿಡಿದುಕೊಂಡು ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆದು, ಒದ್ದೆ ಮಾಡಿದ ತೆಳು ಪಂಚೆ ಬಟ್ಟೆಯಲ್ಲಿ ಸೋಸಬೇಕು. ಈಗಿನ ಸಕ್ಕರೆ ಬೆಳ್ಳಗಿರುತ್ತದೆ, ಇದೆಲ್ಲ ಬೇಕಾ ಅಂತ ನನಗೂ ಅನ್ನಿಸಿತ್ತು. ಸೋಸಿದ ಬಟ್ಟೆ ನೋಡಿದರೆ ಬೇಕು ಅಂತ ಗೊತ್ತಾಗುತ್ತದೆ.

ಎಲ್ಲ ಪಾಕವನ್ನೂ ಒಟ್ಟಿಗೆ ಕಾಯಿಸಬಾರದು. ಒಂದು ಸೌಟು, ಹೆಚ್ಚೆಂದರೆ ಒಂದೂವರೆ ಸೌಟು ಮಾತ್ರ ಸಣ್ಣ ಪಾತ್ರೆಗೆ ಹಾಕಿಕೊಂಡು ಕುದಿಸಿ. ಮೊದಲು ದೊಡ್ಡ ಗುಳ್ಳೆ, ಹಗುರವಾಗಿ ಒಡೆಯುತ್ತವೆ. ಆಮೇಲೆ ಗುಳ್ಳೆ ಸಣ್ಣದಾಗುತ್ತಾ ದಪ್ಪ ಶಬ್ದ ಬರುತ್ತದೆ. ಆಗ ಒಂದು ಚಮಚ ಹಾಲು ಬಿಟ್ಟು ಕೈಯಾಡಿಸುತ್ತಾ ಇರಬೇಕು. ಪಾತ್ರೆಯ ಅಂಚಿನಲ್ಲಿ ಒಂದು ಬಿಳಿ ಗೆರೆ ಕಾಣಿಸುತ್ತದೆ ನೋಡಿ, ಪಾಕ ಪಾತ್ರೆಗೆ ತಾಗುವ ಜಾಗದಲ್ಲಿ. ಅದೇ ಹದ. ಒಲೆಯಿಂದ ಇಳಿಸಿ ನಾಲ್ಕು ಸಲ ತಿರುವಿ, ತಿಳಿಯಾಗಿದ್ದ ಪಾಕ ಮಸುಕಾಗುತ್ತಿದ್ದ ಹಾಗೆ ಹುಯ್ದುಬಿಡಬೇಕು. ಆಮೇಲೆ ಯೋಚಿಸಲು ಟೈಮ್ ಇರುವುದಿಲ್ಲ, ಪಾತ್ರೆಯಲ್ಲೇ ಕಲ್ಲಾಗಿಬಿಡುತ್ತದೆ. ಥರ್ಮಾಮೀಟರ್ ಇಟ್ಟೂ ನೋಡಿದ್ದೇನೆ, 115 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಅಮ್ಮ ಮಾತ್ರ ಆ ಬಿಳಿ ಗೆರೆಯನ್ನೇ ನಂಬುತ್ತಾರೆ. ಕೆಲವರು ನಿಂಬೆರಸ ಹಾಕುತ್ತಾರೆ. ಒಂದೆರಡು ಹನಿಗಿಂತ ಜಾಸ್ತಿ ಬೇಡ. ಹುಳಿ ಸಕ್ಕರೆಯನ್ನು ಒಡೆಯುತ್ತದೆ, ಹರಳು ಕಟ್ಟಲು ಬಿಡುವುದಿಲ್ಲ, ಅಚ್ಚು ಅಂಟಂಟಾಗಿ ಕೂರುತ್ತದೆ.

ಹತ್ತು ನಿಮಿಷಕ್ಕೆ ರಬ್ಬರ್ ಬ್ಯಾಂಡ್ ಬಿಚ್ಚಬಹುದು. ಬಿಚ್ಚುವ ಹಕ್ಕು ಮಕ್ಕಳದ್ದು. ಆನೆಯ ಸೊಂಡಿಲು ಮುರಿಯದೆ ಬಂದರೆ ಮನೆ ಪೂರ್ತಿ ಕೇಳುವ ಹಾಗೆ ಕೂಗು. ಸೂಕ್ಷ್ಮವಾಗಿ ಬಿಡಿಸಲು ಸಹನೆ ಇರುವುದು ಮಗನಿಗೆ, ಅಕ್ಕ ಸುಮ್ನೆ ಎಳೆದುಬಿಡುತ್ತಾಳೆ. ತುಳಸಿಕಟ್ಟೆಯ ಬುಡದಲ್ಲಿ ಸಣ್ಣ ಬಳ್ಳಿಯ ಕೆತ್ತನೆ ಇದೆ. ಪಾಕ ಸರಿಯಾದ ಹದದಲ್ಲಿ ಬಿದ್ದರೆ ಆ ಬಳ್ಳಿಯ ಎಲೆಗಳೂ ಒಂದೊಂದಾಗಿ ಮೂಡುತ್ತವೆ, ಸ್ವಲ್ಪ ತಡವಾದರೆ ಬುಡ ಬೋಳು. ಎಲೆ ಮೂಡಿದ ತುಳಸಿಕಟ್ಟೆಗೆ ಮನೆಯಲ್ಲಿ ಬೆಲೆ ಜಾಸ್ತಿ. ಅದು ಯಾರಿಗೆ ಹೋಗಬೇಕು ಅನ್ನುವುದೇ ದೊಡ್ಡ ಪ್ರಶ್ನೆ.

ಹೀಗೆ ಪಟ್ಟಿಯ ವಿಷಯಕ್ಕೆ ಬಂದೆವು.

ಮೊದಲೆಲ್ಲ ನಮ್ಮಲ್ಲೂ ಎಳ್ಳು ಬೀರುವುದೆಂದರೆ ಯಾರು ನಮಗೆ ಬೀರಿದರೋ ಅವರಿಗೆ ವಾಪಸ್ ಬೀರುವುದು. ಸಂಜೆ ಮಗಳು ರೇಷ್ಮೆ ಲಂಗ ಹಾಕಿಕೊಂಡು ತಟ್ಟೆ ಹಿಡಿದು ಹೊರಟರೆ, ಅವಳು ಕೊಟ್ಟಷ್ಟೇ ಪ್ಯಾಕೆಟ್ ವಾಪಸ್ ಬರುತ್ತಿದ್ದವು. ಕೆಲವು ಪ್ಯಾಕೆಟ್ ಒಂದೇ ಅಂಗಡಿಯವು. ನಮ್ಮನೆಯದ್ದೇ ಬೀದಿ ಸುತ್ತಿ ನಮ್ಮನೆಗೇ ಬಂತೇನೋ ಅಂತ ಹೆಂಡತಿ ನಗುತ್ತಿದ್ದಳು. ಮನೆಯಲ್ಲಿ ಅಚ್ಚು ಹುಯ್ಯಲು ಶುರು ಮಾಡಿದ ಮೇಲೆ ಅದು ನಡೆಯಲಿಲ್ಲ, ಎಲ್ಲರಿಗೂ ಸಾಲುತ್ತಿರಲಿಲ್ಲ. ಆಗ ಅವಳೇ ಒಂದು ನಿಯಮ ತಂದಳು. ಈ ವರ್ಷ ನಮಗೆ ಯಾರಿಂದ ಏನು ಉಪಕಾರ ಆಯಿತು ಅಂತ ಒಬ್ಬೊಬ್ಬರೂ ಹೇಳಬೇಕು. ಕಾರಣ ಹೇಳಲು ಆಗದಿದ್ದರೆ ಅವರಿಗೆ ಅಂಗಡಿ ಅಚ್ಚು. ಬೀದಿಯಲ್ಲಿ ಮುಖ ಮುರಿಯುವುದು ಬೇಡ ಅಂತ ಅಂಗಡಿಯದ್ದೂ ಒಂದಿಷ್ಟು ತಂದಿಡುತ್ತೇವೆ, ಅದರಲ್ಲೇನು ನಾಚಿಕೆ.

2024ರಲ್ಲಿ ಹಬ್ಬ ಜನವರಿ 15, ಸೋಮವಾರ ಬಿತ್ತು. ಶನಿವಾರ, ಭಾನುವಾರ ಕೈಗೆ ಸಿಕ್ಕಿದ್ದರಿಂದ ಪಟ್ಟಿಗೆ ಬೇಕಾದಷ್ಟು ಸಮಯ ಸಿಕ್ಕಿತು, ಜಗಳವೂ ಅಷ್ಟೇ ಉದ್ದವಾಯಿತು. ಶಾಲೆಯ ಆಟೋದವರ ಹೆಸರು ಮಗಳು ಹೇಳಿದಳು. ನಾನು ಅಂದುಕೊಂಡದ್ದು ದಿನಾ ಕರೆದುಕೊಂಡು ಹೋಗುತ್ತಾರಲ್ಲ ಅದಕ್ಕೆ ಅಂತ. ಅದಲ್ಲವಂತೆ. ಮಳೆ ಬಂದಾಗ ಅವರು ತಾವು ಒದ್ದೆಯಾಗಿ ಟಾರ್ಪಾಲನ್ನು ಬ್ಯಾಗುಗಳಿಗೆ ಹೊದಿಸುತ್ತಾರಂತೆ. ಮಗ ಹೇಳಿದ್ದು ಹಿಂದಿನ ರಸ್ತೆಯ ಅಜ್ಜಿಯ ಹೆಸರು. ಕಾಂಪೌಂಡಿಗೆ ಬಾಲ್ ಬಿದ್ದರೆ ಬೈದೇ ಬೈಯುತ್ತಾರೆ, ಆದರೆ ಬಾಲ್ ಮಾತ್ರ ಇಟ್ಟುಕೊಳ್ಳುವುದಿಲ್ಲ. ಆನೆ ಅವರಿಗೇ ಕೊಡಬೇಕು ಅಂತ ಹಟ. ಅಮ್ಮ ಹೇಳಿದ್ದು ಔಷಧಿ ಅಂಗಡಿಯ ಹುಡುಗನನ್ನು, ಮಾತ್ರೆ ಪಟ್ಟಿಯ ಮೇಲೆ ಬೆಳಿಗ್ಗೆ, ರಾತ್ರಿ ಅಂತ ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಬರೆದುಕೊಡುತ್ತಾನೆ. ಅಂಥ ಒಬ್ಬ ಹುಡುಗ ಇದ್ದಾನೆ ಅಂತಲೇ ನನಗೆ ಗೊತ್ತಿರಲಿಲ್ಲ. ಒಂದೇ ಮನೆಯಲ್ಲಿದ್ದರೂ ಒಬ್ಬೊಬ್ಬರ ದಿನ ಹೇಗೆ ಕಳೆಯುತ್ತದೆ ಅನ್ನುವುದು ನನಗೆ ಈ ಪಟ್ಟಿಯಿಂದಲೇ ಗೊತ್ತಾಗುತ್ತಿದೆ.

ಅಮ್ಮನಿಗೆ ಈ ಕಾಗದ, ಪಟ್ಟಿ ಎಲ್ಲ ಸ್ವಲ್ಪ ವಿಚಿತ್ರ. ಅವರ ಊರು ಆಲೂರು ಕಡೆ. ಅಲ್ಲಿ ಸಂಕ್ರಾಂತಿ ದಿನ ಮೊದಲ ಮರ್ಯಾದೆ ದನಗಳಿಗೆ. ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಚೆಂಡುಹೂವಿನ ಹಾರ ಹಾಕಿ, ಸಂಜೆ ಕಿಚ್ಚು ಹಾಯಿಸುವುದು. ಸುಗ್ಗಿಯಲ್ಲಿ ರಾಶಿಯಾದಾಗ ಕಣದಲ್ಲೇ ಕಮ್ಮಾರ, ಬಡಗಿ, ಅಗಸ, ಕ್ಷೌರದವರು ಎಲ್ಲರಿಗೂ ಆಯ ಕೊಡುತ್ತಿದ್ದರು. ನಿಮ್ಮ ಪಟ್ಟಿ ಆಗಲೇ ಇತ್ತು ಬಿಡು ಅನ್ನುತ್ತಾರೆ. ನಾನು ಪೂರ್ತಿ ಒಪ್ಪುವುದಿಲ್ಲ. ಆಯ ಅನ್ನುವುದು ವರ್ಷವಿಡೀ ದುಡಿದದ್ದಕ್ಕೆ ಕೊಡುವ ಕೂಲಿ, ಉಪಕಾರ ಸ್ಮರಣೆ ಅಲ್ಲ. ಅದರಲ್ಲೂ ಕೆಲವರು ದೂರ ನಿಂತೇ ತೆಗೆದುಕೊಳ್ಳಬೇಕಿತ್ತು. ಅದನ್ನು ಮರೆತು ಹಳೇ ಕಾಲ ಚೆಂದ ಅಂದರೆ ಹೇಗೆ? ಅಮ್ಮ ಸ್ವಲ್ಪ ಹೊತ್ತು ಬಿಟ್ಟು, ಅದೂ ಹೌದು ಅಂದರು. ಅದಕ್ಕೇ ನಮ್ಮಲ್ಲಿ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಗೇಟಿನ ಬಳಿ ಪೊಟ್ಟಣ ಕೊಟ್ಟು ಕಳಿಸುವುದಿಲ್ಲ. ಕಸದ ಗಾಡಿಯ ಅಕ್ಕ ಇರಲಿ, ಹಾಲಿನವರಿರಲಿ, ಒಳಗೆ ಕರೆದು, ಕೂರಿಸಿ, ಕಾಫಿ ಕೊಟ್ಟು, ಅರಿಶಿನ ಕುಂಕುಮದ ಜೊತೆ ಎಳ್ಳು ಕೊಡುವುದು. ಹಬ್ಬದ ದಿನ ಅವರಿಗೆ ಪುರುಸೊತ್ತಿಲ್ಲದಿದ್ದರೆ ಮಾರನೇ ದಿನ. ಮನೆಗೆಲಸದವರಿಗೆ ಹಬ್ಬದ ಹಣ ಬೇರೆ, ಅಚ್ಚು ಬೇರೆ. ಸಂಬಳ ಜಾಸ್ತಿ ಮಾಡುವ ಬದಲು ಸಕ್ಕರೆ ಆನೆ ಕೊಟ್ಟರೆ ಅದು ಕೃತಜ್ಞತೆ ಅಲ್ಲ, ಜಿಪುಣತನ.

ಪೊಟ್ಟಣಕ್ಕೆ ನಾವು ಬಳಸುವುದು ಹಳೇ ಮದುವೆ ಪತ್ರಿಕೆ. ಗಟ್ಟಿ ಕಾಗದ, ಒಳ್ಳೇ ಬಣ್ಣ, ಪ್ರತಿ ಮನೆಯಲ್ಲೂ ಬಿಸಾಡಲು ಮನಸ್ಸು ಬಾರದೆ ಬಿದ್ದಿರುತ್ತವೆ. ಪತ್ರಿಕೆಯನ್ನು ಚೌಕಕ್ಕೆ ಕತ್ತರಿಸಿ, ನಾಲ್ಕೂ ಅಂಚು ಎರಡು ಬೆರಳಿನಷ್ಟು ಒಳಗೆ ಮಡಚಿ, ಮೂಲೆಯಲ್ಲಿ ಕತ್ತರಿ ಹಾಕಿ ಒಂದರೊಳಗೊಂದು ಸಿಕ್ಕಿಸಿದರೆ ತೆರೆದ ಡಬ್ಬಿ. ಮುಚ್ಚಳಕ್ಕೆ ಇನ್ನೊಂದು, ಒಂದು ದಾರದೆಳೆಯಷ್ಟು ದೊಡ್ಡದು. ಅಂಟಿಗೆ ಮೈದಾ ಗಂಜಿ ಸಾಕು. ಕೊಬ್ಬರಿ ಎಣ್ಣೆ ಬಿಡುವುದರಿಂದ ಒಳಗೆ ಬಟರ್ ಪೇಪರ್ ಹಾಕಲೇಬೇಕು, ಇಲ್ಲದಿದ್ದರೆ ಸಂಜೆಯೊಳಗೆ ಡಬ್ಬಿಯ ತಳದಲ್ಲಿ ಕಲೆ. ಒಂದು ತಮಾಷೆ ಅಂದರೆ ಮುಚ್ಚಳ ತೆಗೆದಾಗ ಒಳಗಡೆ "ಸಕುಟುಂಬ ಸಪರಿವಾರ ಸಮೇತ" ಅಂತಲೋ, ಅರ್ಧ ಕತ್ತರಿಸಿದ ಮದುಮಗನ ಡಿಗ್ರಿಯೋ ಕಾಣಿಸುತ್ತದೆ. ಯಾರ ಮದುವೆ ಸಾರ್ ಅಂತ ಹಾಲಿನವರು ಕೇಳಿದ್ದರು.

ಡಬ್ಬಿಯೊಳಗೆ ಒಂದು ಚೀಟಿ. ಬರೆಯುವುದು ಮಕ್ಕಳು. ಬರೀ ಥ್ಯಾಂಕ್ಸ್ ಅಂತ ಬರೆದರೆ ಚೀಟಿ ವಾಪಸ್, ಕಾರಣ ಬರೆಯಬೇಕು. "ಬೈದರೂ ಬಾಲ್ ಕೊಟ್ಟಿದ್ದಕ್ಕೆ" ಅಂತ ಮಗ ಬರೆದದ್ದನ್ನು ತಿದ್ದೋಣ ಅಂತ ಹೆಂಡತಿ ಅಂದಳು. ಬೇಡ, ಹಾಗೇ ಹೋಗಲಿ ಅಂದೆ. ಆ ಅಜ್ಜಿ ಓದಿ, ಬೈಯುವುದು ಬಿಡಲ್ಲ ಅಂತ ಹೇಳಿ ಕಳಿಸಿದರು. ಓದಲು ಬಾರದವರಿಗೆ ಚೀಟಿ ಇಡುವುದಿಲ್ಲ, ಮಕ್ಕಳೇ ಬಾಯಲ್ಲಿ ಹೇಳಬೇಕು. ಬರೆಯುವುದಕ್ಕಿಂತ ಅದು ಅವರಿಗೆ ಕಷ್ಟ. ಸಕ್ಕರೆ ಕಾಯಿಲೆ ಇರುವವರಿಗೆ ಅಚ್ಚೂ ಇಲ್ಲ, ಬೆಲ್ಲವೂ ಇಲ್ಲ, ಎಳ್ಳು, ಕೊಬ್ಬರಿ, ಕಡಲೆ ಮಾತ್ರ ಬೇರೆ ಕಟ್ಟುತ್ತೇವೆ. ಕೇಳಿ ತಿಳಿದುಕೊಂಡು ಹೀಗೆ ಕಟ್ಟಿಕೊಟ್ಟರೆ ಅವರಿಗೆ ಇನ್ನೂ ಖುಷಿ.

ಮನೆಯವರಿಗೆ ಯಾರು ಬೀರುತ್ತಾರೆ ಅಂತ ಮಗಳು ಒಮ್ಮೆ ಕೇಳಿದಳು. ಪಟ್ಟಿಯಲ್ಲಿ ಊರವರೆಲ್ಲ ಇದ್ದಾರೆ, ಅಜ್ಜಿ ಇಲ್ಲ, ಅಮ್ಮ ಇಲ್ಲ. ಅಂದಿನಿಂದ ಕೊನೆಯ ಸೌಟು ಪಾಕ ಮನೆಗೆ. ಐದು ಅಚ್ಚು, ಐದು ಚೀಟಿ, ಯಾರ ಹೆಸರು ಯಾರಿಗೆ ಬರುತ್ತದೋ ಅವರು ಅವರಿಗೆ ಬರೆಯಬೇಕು. ಹೊರಗಿನವರಿಗೆ ಬರೆಯುವುದಕ್ಕಿಂತ ಇದು ಕಷ್ಟ, ನಮ್ಮಂಥ ಮನೆಗಳಲ್ಲಿ ಹೆಂಡತಿ ಅಡುಗೆ ಮಾಡಿದ್ದಕ್ಕೆ ಚೀಟಿ ಬರೆಯುವವರು ಯಾರಿದ್ದಾರೆ ಹೇಳಿ. ನಾನು ಪೆನ್ನು ಹಿಡಿದು ಸುಮಾರು ಹೊತ್ತು ಕೂತಿದ್ದೆ. ಅಮ್ಮನಿಗೆ ಸೊಸೆಯ ಹೆಸರು ಬಂದ ವರ್ಷ ಇಬ್ಬರೂ ಆ ಚೀಟಿಯನ್ನು ನಮಗೆ ತೋರಿಸಲೇ ಇಲ್ಲ. ನನಗೆ ಹೆಂಡತಿಯಿಂದ ಬಂದದ್ದು ಒಂದೇ ಸಾಲು: "ಪಾಕ ಚೆಲ್ಲಿದ ಸ್ಟೌ ನೀವೇ ಉಜ್ಜಿದ್ದಕ್ಕೆ." ಒಣಗಿದ ಸಕ್ಕರೆ ಪಾಕ ಉಜ್ಜಿದವರಿಗೆ ಮಾತ್ರ ಅದರ ಕಷ್ಟ ಗೊತ್ತು. ಬಿಸಿನೀರಿನ ಬಟ್ಟೆ ಹಾಸಿ ಅರ್ಧ ಗಂಟೆ ಬಿಟ್ಟರೆ ಕರಗುತ್ತದೆ, ಕೆರೆಯಲು ಹೋಗಬೇಡಿ.

ಮರದ ಅಚ್ಚುಗಳಿಗೆ ಸೋಪು ಬೇಡ, ಬಿಸಿಲೂ ಬೇಡ. ಉಗುರುಬೆಚ್ಚಗಿನ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ, ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ. ಬಟ್ಟೆಯಲ್ಲಿ ಸುತ್ತಿಡಿ, ಪ್ಲಾಸ್ಟಿಕ್ ಕವರಿನಲ್ಲಿ ಬೂಸ್ಟು ಹಿಡಿಯುತ್ತದೆ. ಮುರಿದುಹೋದ ಸಕ್ಕರೆ ಅಚ್ಚುಗಳನ್ನು ಬಿಸಾಡಬೇಡಿ, ಒಂದು ಡಬ್ಬಿಯಲ್ಲಿ ಹಾಕಿಟ್ಟರೆ ಫೆಬ್ರವರಿವರೆಗೂ ಕಾಫಿಗೆ ಅದೇ ಸಕ್ಕರೆ. ಸಿಹಿ ಕಮ್ಮಿ ಬೇಕು ಅನ್ನುವವರು ಸೊಂಡಿಲು ಮಾತ್ರ ಹಾಕಿಕೊಳ್ಳಿ.