ಜಾತ್ರೆಗೆ ಹೊರಡುವ ಮೊದಲು ವಾಪಸ್ ಬರುವ ತಯಾರಿ ಮಾಡಿಕೊಳ್ಳಿ

ಪುಷ್ಯ ಮಾಸದ ಬನದ ಹುಣ್ಣಿಮೆ ಬಂತೆಂದರೆ ನಮ್ಮ ಬಾಗಲಕೋಟೆ ಕಡೆ ಶನಿವಾರ, ರವಿವಾರ ಮನೆಯಲ್ಲಿ ಕೂರುವವರು ಕಡಿಮೆ. ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆ ಹೆಚ್ಚುಕಡಿಮೆ ಒಂದು ತಿಂಗಳು ನಡೆಯುತ್ತದೆ, ಅದರ ನಡುವೆಯೇ ಓಣಿಯಲ್ಲಿ ಒಬ್ಬರ ಮನೆ ಕುಬಸ (ಸೀಮಂತ), ಇನ್ನೊಬ್ಬರ ಮನೆ ತೊಟ್ಟಿಲು, ಮಕ್ಕಳ ಶಾಲೆಯ ಗ್ಯಾದರಿಂಗ್ ಎಲ್ಲಾ ಬಂದು ಕೂಡುತ್ತವೆ. ಹೋಗುವ ತಯಾರಿಯನ್ನು ಎಲ್ಲರೂ ಚೆನ್ನಾಗಿ ಮಾಡುತ್ತಾರೆ. ಬರುವ ತಯಾರಿ ಮಾಡುವವರು ಕಡಿಮೆ. ಹೆಣ್ಣುಮಕ್ಕಳು ದಣಿಯುವುದು ತಿರುಗಾಟದಿಂದ ಅಲ್ಲ, ರಾತ್ರಿ ಮನೆಗೆ ಬಂದ ಮೇಲಿನ ಕೆಲಸದಿಂದ.

ಅದಕ್ಕೇ ಶುಕ್ರವಾರ ರಾತ್ರಿಯೇ ಶನಿವಾರ ರಾತ್ರಿಯ ಊಟ ಯೋಚಿಸಿ. ಅಕ್ಕಿ, ಹೆಸರುಬೇಳೆ ಅಳೆದು ಕುಕ್ಕರಿಗೆ ಹಾಕಿ ಒಣದಾಗಿಯೇ ಮುಚ್ಚಿಡಿ. ಬಂದ ಕೂಡಲೇ ತೊಳೆದು ನೀರು, ಉಪ್ಪು, ಅರಿಶಿನ ಹಾಕಿ ಒಲೆ ಹಚ್ಚಿದರೆ ಎಲ್ಲರೂ ಕೈಕಾಲು ತೊಳೆಯುವುದರೊಳಗೆ ಕಿಚಡಿ ಆಗಿರುತ್ತದೆ. ಹೆಸರುಕಾಳನ್ನೂ ಶುಕ್ರವಾರ ರಾತ್ರಿ ನೆನೆಹಾಕಿ. ಶನಿವಾರ ಹೊರಡುವಾಗ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ನೀವು ಜಾತ್ರೆ ಸುತ್ತುವಾಗ ಅದು ತನ್ನಷ್ಟಕ್ಕೆ ಮೊಳಕೆ ಒಡೆಯುತ್ತಿರುತ್ತದೆ, ರವಿವಾರದ ಪಲ್ಯಕ್ಕೆ ಚಿಂತೆ ಇಲ್ಲ. ಹಾಸಿಗೆ ಹಾಸಿಟ್ಟೇ ಹೊರಡಿ. ನಳಕ್ಕೆ ನೀರು ಬಿಡುವ ದಿನ ಯಾವುದು ನೋಡಿಕೊಂಡು ಕೊಡ ತುಂಬಿಡಿ, ಇದನ್ನು ಮಾತ್ರ ಮರೆಯಬೇಡಿ.

ಬುತ್ತಿ ವಿಷಯಕ್ಕೆ ಬಂದರೆ, ಬನಶಂಕರಿಗೆ ರೊಟ್ಟಿ ಹೊತ್ತುಕೊಂಡು ಹೋಗಬೇಡಿ ಅಂತಲೇ ನನ್ನ ಸಲಹೆ. ಗುಡಿ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂತ ಹೆಣ್ಣುಮಕ್ಕಳು ರೊಟ್ಟಿ, ಝುಣಕ, ಕೆಂಪು ಚಟ್ನಿ, ಗಡಿಗೆ ಮೊಸರು ಕೊಡುತ್ತಾರೆ. ಆ ರುಚಿ ನಮ್ಮ ಡಬ್ಬಿಯಲ್ಲಿ ಬರುವುದಿಲ್ಲ, ಅವರಿಗೂ ನಾಲ್ಕು ಕಾಸು ಸಿಗುತ್ತದೆ. ಆದರೆ ಅಲ್ಲಿಂದ ಪಟ್ಟದಕಲ್ಲು, ಐಹೊಳೆ ಅಂತ ಮುಂದೆ ಹೋಗುವವರು ಖಡಕ್ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ), ಅಗಸಿ ಹಿಂಡಿ ಇಟ್ಟುಕೊಳ್ಳಲೇಬೇಕು. ಇವು ಕೆಡುವುದಿಲ್ಲ. ಹಸಿ ಕೊಬ್ಬರಿ ಹಾಕಿದ್ದನ್ನು ಬಿಸಿಲಲ್ಲಿ ಒಯ್ಯಬೇಡಿ. ಸಣ್ಣ ಮಕ್ಕಳಿಗೆ ಮೊಸರನ್ನ ಬೇಕಲ್ವಾ, ಅನ್ನವನ್ನು ಮೆತ್ತಗೆ ಕಲಸಿ ಕಾಯಿಸಿ ಆರಿಸಿದ ಹಾಲು ಜಾಸ್ತಿ ಹಾಕಿ, ಮೊಸರು ಒಂದೇ ಚಮಚ ಹಾಕಿ ಡಬ್ಬಿ ಮುಚ್ಚಿ. ಮಧ್ಯಾಹ್ನದ ಹೊತ್ತಿಗೆ ಹದವಾಗಿ ಹೆಪ್ಪಾಗಿರುತ್ತದೆ, ಹುಳಿ ಆಗುವುದಿಲ್ಲ.

ಬಾದಾಮಿ ಗುಹೆಗಳನ್ನು ಬೆಳಿಗ್ಗೆಯೇ ಹತ್ತಿ ಮುಗಿಸಿ, ಬನಶಂಕರಿ ಅಲ್ಲಿಂದ 5 ಕಿಲೋಮೀಟರ್ ಅಷ್ಟೇ. ಮೆಟ್ಟಿಲ ಹತ್ತಿರ ಮಂಗಗಳ ಕಾಟ ಬಹಳ. ಪ್ಲಾಸ್ಟಿಕ್ ಚೀಲ ಕಂಡರೆ ಸಾಕು, ತಿನ್ನುವುದು ಇದೆ ಅಂತ ಕೈಯಿಂದಲೇ ಕಿತ್ತುಕೊಳ್ಳುತ್ತವೆ. ಜಿಪ್ ಇರುವ ಬಟ್ಟೆ ಚೀಲ ಒಯ್ಯಿರಿ, ಬಾಳೆಹಣ್ಣು ಗಾಡಿಯಲ್ಲೇ ಇರಲಿ. ಜಾತ್ರೆ ಗದ್ದಲದಲ್ಲಿ ಮಕ್ಕಳ ಕಿಸೆಯಲ್ಲಿ ಅಪ್ಪನ ಫೋನ್ ನಂಬರ್ ಬರೆದ ಚೀಟಿ ಇರಲಿ, ಮತ್ತು ಯಾರಾದರೂ ತಪ್ಪಿಸಿಕೊಂಡರೆ ಎಲ್ಲಿ ಬಂದು ನಿಲ್ಲಬೇಕು ಅನ್ನುವುದನ್ನು ಗಾಡಿ ಇಳಿದ ಕೂಡಲೇ ಎಲ್ಲರಿಗೂ ತೋರಿಸಿ. ಕಂಪನಿ ನಾಟಕ ನೋಡುವ ಆಸೆ ಇದ್ದರೆ ಒಂದು ಹೊದಿಕೆ ಬೇಕೇ ಬೇಕು. ಹಗಲು ಬಿಸಿಲು ಎಷ್ಟೇ ಇರಲಿ, ಪುಷ್ಯ ಮಾಸದ ರಾತ್ರಿ ಥಂಡಿ, ಮಕ್ಕಳು ಅರ್ಧ ನಾಟಕಕ್ಕೇ ಮಲಗಿಬಿಡುತ್ತವೆ.

ಇನ್ನು ರವಿವಾರದ ಕಾರ್ಯಕ್ರಮಗಳು. ಕುಬಸಕ್ಕೆ ಹೊರಡುವ ಹೊತ್ತಿಗೆ ಅಂಗಡಿಗೆ ಓಡುವುದು ಯಾಕೆ? ಗುಳೇದಗುಡ್ಡದ ಖಣ (ರವಿಕೆ ಬಟ್ಟೆ) ನಾಲ್ಕೈದು ತಂದಿಟ್ಟುಕೊಳ್ಳಿ. ಒಣಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ, ಅರಿಶಿನ ಬೇರು ಒಂದೇ ಡಬ್ಬಿಯಲ್ಲಿ ಇರಲಿ. ಉಡಿ ತುಂಬುವ ಸಾಮಾನು ಮನೆಯಲ್ಲಿದ್ದರೆ ಕರೆ ಯಾವಾಗ ಬಂದರೂ ಸರಿ. ಒಂದೇ ದಿನ ಮೂರು ಕಡೆ ಕರೆ ಇದ್ದರೆ ಇಡೀ ಮನೆ ಮೂರೂ ಕಡೆ ಓಡಬೇಕಿಲ್ಲ. ಹಂಚಿಕೊಂಡು ಹೋಗಿ. ಗಂಡಸರು ಆಹೇರ (ಉಡುಗೊರೆ) ಮಾಡಿ ಬಂದರೂ ಯಾರೂ ತಪ್ಪು ತಿಳಿಯುವುದಿಲ್ಲ. ಬಸುರಿ ಹೆಣ್ಣುಮಗಳ ಕಡೆಗೆ ಮಾತ್ರ ನೀವೇ ಹೋಗಿ, ಹತ್ತು ನಿಮಿಷ ಅವಳ ಹತ್ತಿರ ಕೂತು ಮಾತಾಡಿ. ಅವಳಿಗೆ ಅದು ಬೇಕಾಗಿರುತ್ತದೆ.

ಇಳಕಲ್ ಸೀರೆ ಉಟ್ಟು ಧೂಳಲ್ಲಿ ತಿರುಗಿದ್ದರೆ ಬಂದ ತಕ್ಷಣ ಬಕೆಟ್‌ಗೆ ಹಾಕಬೇಡಿ. ಝಾಡಿಸಿ ಗಾಳಿಗೆ ಹರವಿ. ತೊಳೆಯಲೇಬೇಕಾದರೆ ಬೇರೆ ಬಟ್ಟೆ ಸೇರಿಸದೆ ತಣ್ಣೀರಲ್ಲಿ ಜಾಲಿಸಿ ನೆರಳಲ್ಲಿ ಒಣಗಿಸಿ, ನೆನೆಸಿಟ್ಟರೆ ಸೆರಗಿನ ಕೆಂಪು ಒಡಲಿಗೆ ಹತ್ತುತ್ತದೆ. ರವಿವಾರ ಸಂಜೆ ಐದರ ಮೇಲೆ ಯಾವ ಕಾರ್ಯಕ್ರಮವನ್ನೂ ಒಪ್ಪಿಕೊಳ್ಳಬೇಡಿ. ಮಕ್ಕಳ ಯೂನಿಫಾರ್ಮ್ ಇಸ್ತ್ರಿ, ಪಾಟಿಚೀಲ, ಸೋಮವಾರದ ಡಬ್ಬಿ ಎಲ್ಲಾ ಆ ಹೊತ್ತಿನಲ್ಲೇ ಆಗಬೇಕು. ಉಡಿಯಲ್ಲಿ ಬಂದ ಅಕ್ಕಿಯನ್ನೂ ಅವತ್ತೇ ಆರಿಸಿ, ಅಡಿಕೆ, ಅರಿಶಿನ ಬೇರು ತೆಗೆದು ಬೇರೆ ಡಬ್ಬಿಗೆ ಹಾಕಿ. ಆ ಅಕ್ಕಿಯಿಂದ ಮನೆಯವರಿಗೆ ಪಾಯಸ ಮಾಡಿ.